ಟೆಲಿಸ್ಕೋಪಿಗೂ ಬೆವರು ಬರುತ್ತಾ?

ರಾತ್ರಿ 11 ಗಂಟೆ. ತಾರಸಿ ಮೇಲೆ ನೀವು.
ಗುರುಗ್ರಹ ಫಳಫಳ ಹೊಳೀತಿತ್ತು.
ನೋಡ್ತಾ ನೋಡ್ತಾ ಮಸುಕಾಯ್ತು!
ಮೋಡ ಬಂತಾ?
ಇಲ್ಲ, ಆಕಾಶ ಶುಭ್ರ.

ಟೆಲಿಸ್ಕೋಪಿನ ಮುಂದಿನ ಗಾಜಿಗೆ ಟಾರ್ಚ್ ಹಿಡೀರಿ.
ಇಬ್ಬನಿ ಕೂತಿದೆ!

ಫ್ರಿಜ್‌ನಿಂದ ತೆಗೆದ ಮಜ್ಜಿಗೆ ಲೋಟ
ಹೊರಗಡೆ ಬೆವರುತ್ತಲ್ಲ?
ಇಲ್ಲೂ ಅದೇ ಕತೆ.

ಆದ್ರೆ ಗಾಜನ್ನ ತಣ್ಣಗೆ ಮಾಡಿದ್ದು ಯಾರು?
ಆಕಾಶ!
ಗಾಜು ತನ್ನ ಶಾಖಾನ ಆಕಾಶದ ಕಡೆ ಬಿಟ್ಕೊಡುತ್ತೆ.
ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತೆ.
ಗಾಳಿಯ ತೇವ ಅದರ ಮೇಲೆ ಹನಿಯಾಗುತ್ತೆ.

ಉಪಾಯ?
ಹಳೇ ಯೋಗ ಮ್ಯಾಟ್ ತಗೊಳ್ಳಿ.
ಸುತ್ತಿ, ಕೊಳವೆ ಬಾಯಿಗೆ ತೊಡಿಸಿ.
ಗಾಜಿನ ಅಗಲದ ಒಂದೂವರೆ ಪಟ್ಟಾದ್ರೂ
ಮುಂದಕ್ಕೆ ಚಾಚಿರಲಿ.

ಇಬ್ಬನಿ ಜಾಸ್ತಿನಾ?
ಗಾಜಿನ ಸುತ್ತ ಹೀಟರ್ ಪಟ್ಟಿ ಕಟ್ಟಿ.
ಸುಡೋದು ಬೇಡ,
ಗಾಳಿಗಿಂತ ಒಂಚೂರು ಬೆಚ್ಚಗಿದ್ರೆ ಸಾಕು.

ಇಬ್ಬನಿ ಕೂತೇಬಿಟ್ಟಿದ್ಯಾ?
ಬಟ್ಟೆಯಿಂದ ಒರೆಸಲೇಬೇಡಿ, ಗೀರು ಬೀಳುತ್ತೆ.
ಹೇರ್ ಡ್ರೈಯರ್ ಹಿಡೀರಿ.
ಕಡಿಮೆ ಶಾಖ, ಸ್ವಲ್ಪ ದೂರದಿಂದ.

ಒಳಗೆ ತಂದಾಗ ಒದ್ದೆ ಗಾಜಿಗೆ ಮುಚ್ಚಳ ಹಾಕ್ಬೇಡಿ.
ಮೊದಲು ಒಣಗಲಿ.

ಮಜ್ಜಿಗೆ ಲೋಟ ಬೆವರಲಿ,
ನಿಮ್ಮ ಟೆಲಿಸ್ಕೋಪು ಬೆವರದಿರಲಿ!