ಸೋತವರ ಹೆಸರು, ಗೆದ್ದವರ ಮಗ

12ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಟ್ಬಿ ಎಂಬ ಕಡಲತೀರದ ಊರಲ್ಲಿ ಟೋಸ್ಟಿಗ್ ಎಂಬ ಹುಡುಗನಿದ್ದ. ಓರಗೆಯ ಹುಡುಗರು ಅವನ ಹೆಸರನ್ನೇ ಹಿಡಿದು ಆಡಿಕೊಳ್ಳುತ್ತಿದ್ದರು. ಕಾಟ ತಡೆಯದೆ ಹೆತ್ತವರು ಅದನ್ನು ವಿಲಿಯಂ ಎಂದು ಬದಲಿಸಿಬಿಟ್ಟರು. ಮುಂದೆ ಬಾರ್ತೊಲೊಮ್ಯೂ ಎಂಬ ಹೆಸರಿನಲ್ಲಿ ಸನ್ಯಾಸಿಯಾಗಿ ಫಾರ್ನ್ ದ್ವೀಪದಲ್ಲಿ ನೆಲೆಸಿದವನು ಇವನೇ.

ಟೋಸ್ಟಿಗ್ ಎಂಬ ಹೆಸರಿನಲ್ಲಿ ದೋಷವೇನೂ ಇರಲಿಲ್ಲ. ಅದು ಹಳೆಯದಾಗಿತ್ತು, ಅಷ್ಟೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಗಾಡ್ರಿಕ್, ವುಲ್ಫ್‌ಸ್ಟನ್, ಲಿಯೊಫ್ರಿಕ್ ಮುಂತಾದ ನಾಡಿನ ಹೆಸರುಗಳು ಹಳ್ಳಿಗಮಾರರವು ಎನಿಸಿಕೊಂಡವು. ವಿಲಿಯಂ, ರಾಬರ್ಟ್, ರಿಚರ್ಡ್, ಹೆನ್ರಿ ಮೆರೆಯತೊಡಗಿದವು. ಇವತ್ತು ನಾವು ಅಪ್ಪಟ ಇಂಗ್ಲಿಷ್ ಎಂದುಕೊಳ್ಳುವ ಈ ನಾಲ್ಕೂ ಗೆದ್ದವರ ಜೊತೆ ಬಂದು ನೆಲೆಯೂರಿದವು! ಅರಮನೆಯೂ ಇದಕ್ಕೆ ಹೊರತಾಗಲಿಲ್ಲ. 1100ರಲ್ಲಿ ಒಂದನೇ ಹೆನ್ರಿ ಹಳೆಯ ಇಂಗ್ಲಿಷ್ ರಾಜವಂಶದ ರಕ್ತವಿದ್ದ ಈಡಿತ್‌ಳನ್ನು ಮದುವೆಯಾದ. ರಾಣಿಯಾದವಳು ಮಟಿಲ್ಡಾ ಎನಿಸಿಕೊಂಡಳು. ಆದರೂ ನಾರ್ಮನ್ ಸರದಾರರು ಗಂಡಹೆಂಡಿರನ್ನು ‘ಗಾಡ್ರಿಕ್, ಗಾಡ್‌ಗಿಫು’ ಎಂದು ಗೇಲಿ ಮಾಡುತ್ತಿದ್ದರೆಂದು ಮಾಮ್ಸ್‌ಬರಿಯ ವಿಲಿಯಂ ಎಂಬ ಚರಿತ್ರೆಕಾರ ಬರೆದಿಟ್ಟಿದ್ದಾನೆ.

ಈ ಪ್ರವಾಹದಲ್ಲಿ ಕೊಚ್ಚಿಹೋಗದೆ ಉಳಿದ ಬೆರಳೆಣಿಕೆಯ ಹೆಸರುಗಳಲ್ಲಿ ಎಡ್ವರ್ಡ್ ಒಂದು. ಹಳೆಯ ಇಂಗ್ಲಿಷಿನಲ್ಲಿ ‘ಯಾಡ್’ ಎಂದರೆ ಸಿರಿ, ಭಾಗ್ಯ. ‘ವೆಯರ್ಡ್’ ಎಂದರೆ ಕಾಯುವವನು. ನಮ್ಮ ಹಾಸ್ಟೆಲ್ ವಾರ್ಡನ್ ಕೂಡ ದೂರದ ನಂಟಿನಲ್ಲಿ ಇದೇ ಮನೆತನದವನು. ಕನ್ನಡದ ಕಿವಿಗೆ ಧನಪಾಲ ಎಂದಂತೆ. ಆದರೆ ಅರ್ಥಕ್ಕೆ ತೀರಾ ತಲೆಕೆಡಿಸಿಕೊಳ್ಳಬೇಕಿಲ್ಲ. ಆಗಿನವರು ಮನೆತನದಲ್ಲಿ ನಡೆದುಬಂದ ತುಣುಕುಗಳನ್ನು ಜೋಡಿಸಿ ಹೆಸರು ಕಟ್ಟುತ್ತಿದ್ದರು. ಆಲ್ಫ್ರೆಡ್ ದೊರೆಯ ಮಗ ಎಡ್ವರ್ಡ್. ಆಮೇಲೆ ಅದೇ ವಂಶದಲ್ಲಿ ಎಡ್ಮಂಡ್, ಎಡ್ರೆಡ್, ಎಡ್ಗರ್. ‘ಎಡ್’ ಇದ್ದರೆ ಸಾಕು, ಇಂಥ ಮನೆಯವನೆಂದು ಗೊತ್ತಾಗುತ್ತಿತ್ತು.

ಹಾಗಾದರೆ ಹೆಸರು ಉಳಿದದ್ದು ಹೇಗೆ? ಆ ವಂಶದ ಕೊನೆಕೊನೆಯ ದೊರೆಗಳಲ್ಲಿ ಒಬ್ಬನಾದ ಎಡ್ವರ್ಡ್ 1042ರಿಂದ 1066ರ ಜನವರಿಯವರೆಗೆ ಆಳಿದ. ತಾಯಿ ಎಮ್ಮಾ ನಾರ್ಮಂಡಿಯವಳು. ಇವನ ಯೌವನ ಕಳೆದದ್ದೂ ಅಲ್ಲೇ, ದೇಶಭ್ರಷ್ಟನಾಗಿ. ಸಿಂಹಾಸನ ತನಗೆ ಸಲ್ಲಬೇಕೆಂದು ವಿಲಿಯಂ ಹಕ್ಕು ಹೂಡಿದ್ದೂ ಇವನ ಉತ್ತರಾಧಿಕಾರಿ ತಾನೆಂದೇ. ಹಾಗಾಗಿ ಸೋತವರ ದೊರೆಗಳಲ್ಲಿ ಇವನೊಬ್ಬನನ್ನು ಗೆದ್ದವರೂ ಕೊಂಡಾಡಬಹುದಿತ್ತು. 1161ರಲ್ಲಿ ಪೋಪ್ ಮೂರನೇ ಅಲೆಕ್ಸಾಂಡರ್ ಇವನನ್ನು ಸಂತನೆಂದು ಘೋಷಿಸಿದ.

ಸಂತನಾದ ಮಾತ್ರಕ್ಕೆ ತೊಟ್ಟಿಲಿಗೆ ಹೆಸರು ಬಂದುಬಿಡಲಿಲ್ಲ. ಅದಕ್ಕೆ ಒಬ್ಬ ಹುಚ್ಚು ಭಕ್ತ ಬೇಕಾಯಿತು. ಅವನೇ ಮೂರನೇ ಹೆನ್ರಿ, ಒಂಬತ್ತನೇ ವಯಸ್ಸಿಗೇ ಪಟ್ಟಕ್ಕೆ ಬಂದವನು. ಯುದ್ಧದಲ್ಲಿ ಹೇಳಿಕೊಳ್ಳುವಂಥದ್ದೇನೂ ಸಾಧಿಸದ ಈ ದೊರೆ ಸಂತ ಎಡ್ವರ್ಡನನ್ನು ಇಷ್ಟದೈವದಂತೆ ಆರಾಧಿಸಿದ. 1245ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬಿಯನ್ನು ಅವನಿಗಾಗಿಯೇ ಹೊಸದಾಗಿ ಕಟ್ಟಿಸಲು ಹಿಡಿದು, 1269ರಲ್ಲಿ ಅಸ್ಥಿಯನ್ನು ಹೊಸ ಗುಡಿಗೆ ಸಾಗಿಸಿದ. ಅದು ಇಂದಿಗೂ ಅಲ್ಲೇ ಇದೆ. ನಾಮಕರಣದಲ್ಲೂ ಇದೇ ಭಕ್ತಿ: 1239ರ ಜೂನ್‌ನಲ್ಲಿ ಹುಟ್ಟಿದ ಚೊಚ್ಚಲ ಮಗನಿಗೆ ಎಡ್ವರ್ಡ್, ಎರಡನೆಯವನಿಗೆ ಇನ್ನೊಬ್ಬ ಇಂಗ್ಲಿಷ್ ಸಂತ-ದೊರೆ ಎಡ್ಮಂಡನ ಹೆಸರು. ಫ್ರೆಂಚ್ ಮಾತಾಡುವ ಅರಮನೆಯಲ್ಲಿ ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನೆಲ್ಲ ಬದಿಗಿಟ್ಟು ಹೀಗೆ ಮಾಡಿದ್ದು ವಿಚಿತ್ರವೇ ಸರಿ.

ಮಗ ಅಪ್ಪನಂತಲ್ಲ, ಕಡುಗಲಿ. ವೇಲ್ಸನ್ನು ಗೆದ್ದ, ಸ್ಕಾಟ್ಲೆಂಡಿನ ಮೇಲೂ ದಂಡೆತ್ತಿ ಹೋದ. ಅವನ ಮಗ, ಮೊಮ್ಮಗನೂ ಎಡ್ವರ್ಡರೇ. 1272ರಿಂದ 1377ರವರೆಗೆ ನಡುವೆ ಬೇರೆ ಹೆಸರಿನ ದೊರೆಯೇ ಇಲ್ಲದ ಮೇಲೆ ಪ್ರಜೆಗಳ ಮನೆಯಲ್ಲೂ ಎಡ್ವರ್ಡರು ಹೆಚ್ಚದಿರುತ್ತಾರೆಯೇ? ಒಂದು ತಮಾಷೆಯೂ ಉಳಿದುಕೊಂಡಿತು. ದೊರೆಗಳನ್ನು ಎಣಿಸುವಾಗ 1066ರಿಂದ ಈಚೆಗೆ ಲೆಕ್ಕ ಹಿಡಿದದ್ದರಿಂದ ‘ಒಂದನೇ ಎಡ್ವರ್ಡ್’ ನಿಜವಾಗಿ ನಾಲ್ಕನೆಯವನು. ಯಾವ ಸಂತನಿಂದಾಗಿ ಹೆಸರು ಬಂತೋ ಅವನಿಗೇ ಸಂಖ್ಯೆಯಿಲ್ಲ.

ಬಾಯಲ್ಲಿ ಸವೆದು ಹೆಸರು ನೆಡ್, ಟೆಡ್ ಆಯಿತು. ಟೆಡ್ಡಿ ಬೇರ್ ಮಾತ್ರ ಈ ಬಳಗದ್ದಲ್ಲ; ಅದರ ಹಿಂದಿರುವುದು ಅಮೆರಿಕದ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್. ವಿಕ್ಟೋರಿಯಾ ರಾಣಿಯ ಮಗನನ್ನು ಮನೆಯಲ್ಲಿ ಎಲ್ಲರೂ ಬರ್ಟಿ ಎನ್ನುತ್ತಿದ್ದರು, ಪೂರ್ತಿ ಹೆಸರು ಆಲ್ಬರ್ಟ್ ಎಡ್ವರ್ಡ್. 1901ರಲ್ಲಿ ಪಟ್ಟವೇರುವಾಗ ಅವನು ಅಪ್ಪನ ಹೆಸರಾದ ಆಲ್ಬರ್ಟನ್ನು ಬಿಟ್ಟು ಏಳನೇ ಎಡ್ವರ್ಡ್ ಆದ. ಬೆಂಗಳೂರಿನ ಕಬ್ಬನ್ ಪಾರ್ಕ್ ಬಳಿ ಪ್ರತಿಮೆಯಾಗಿ ನಿಂತಿರುವವನು ಇವನೇ.

ಆದರೆ ಆ ಹೆಸರು ನಮ್ಮ ಕಡೆ ಕಾಲಿಟ್ಟದ್ದು ಅದಕ್ಕೂ ನಾಲ್ಕು ಶತಮಾನ ಮೊದಲು, ಇಂಗ್ಲಿಷರಿಗಿಂತ ಮುಂಚೆ. ಮೂರನೇ ಎಡ್ವರ್ಡನ ಮೊಮ್ಮಗಳು ಫಿಲಿಪ್ಪಾ 1387ರಲ್ಲಿ ಪೋರ್ಚುಗಲ್ಲಿನ ದೊರೆಯ ಕೈಹಿಡಿದಳು. ಮುಂದೆ ಪಟ್ಟಕ್ಕೆ ಬಂದ ಅವಳ ಮಗನಿಗೆ ಮುತ್ತಜ್ಜನ ಹೆಸರೇ ಬಂತು, ಪೋರ್ಚುಗೀಸ್ ನಾಲಗೆಯಲ್ಲಿ ದುವಾರ್ತೆ ಎಂದಾಗಿ. ಕೃಷ್ಣದೇವರಾಯನ ಕಾಲದ ವಿಜಯನಗರದ ಬೀದಿ, ವ್ಯಾಪಾರ, ಜನಜೀವನಗಳ ಬಗ್ಗೆ ಬರೆದನೆಂದು ನಾವು ಶಾಲೆಯ ಇತಿಹಾಸದಲ್ಲಿ ಓದುವ ದುವಾರ್ತೆ ಬಾರ್ಬೋಸಾನೂ ಒಬ್ಬ ಎಡ್ವರ್ಡನೇ.