ಅಡುಗೆಮನೆಯ ಕಪಾಟಿಗೆ ಹೊಸ ಬಣ್ಣ: ಖರ್ಚು, ಕ್ರಮ ಮತ್ತು ಲೆಕ್ಕ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿಯೂ ಹಳೇಕೋಟೆಯಂತಹ ಊರುಗಳಲ್ಲಿಯೂ ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಕಟ್ಟಿದ ಅನೇಕ ಮನೆಗಳ ಅಡುಗೆಕೋಣೆಯಲ್ಲಿ ಕಡಪ ಕಲ್ಲಿನ ಶೆಲ್ಫುಗಳಿಗೆ ಮರದ ಬಾಗಿಲುಗಳನ್ನು ಕೂರಿಸಲಾಗಿದೆ. ಮರ ಇಂದಿಗೂ ಗಟ್ಟಿ. ಎಣ್ಣೆಯ ಜಿಡ್ಡು ಮತ್ತು ಹೊಗೆಯಿಂದ ಕೆಟ್ಟಿರುವುದು ಬಣ್ಣ ಮಾತ್ರ. ಆದರೂ ಎಲ್ಲವನ್ನೂ ಕಿತ್ತು ಮಾಡ್ಯುಲರ್ ಅಡುಗೆಮನೆ ಮಾಡಿಸುವ ಉದ್ದೇಶದಿಂದ ವ್ಯಾಪಾರದ ದುಡಿಯುವ ಬಂಡವಾಳಕ್ಕೇ ಕೈಹಾಕುವ ವರ್ತಕರಿದ್ದಾರೆ. ಹಬ್ಬದ ಕಾಲದಲ್ಲಿ ಸರಕು ತುಂಬಬೇಕಾದ ಹಣ ಹೀಗೆ ಗೋಡೆಗೆ ಸೇರಿದರೆ ಅದರ ಪರಿಣಾಮ ಅಂಗಡಿಯ ಮೇಲಾಗುತ್ತದೆ. ಮನೆಯವರೇ ಸೇರಿ ಹಳೆಯ ಬಾಗಿಲುಗಳಿಗೆ ಬಣ್ಣ ಹಚ್ಚುವ ಮಾರ್ಗವನ್ನು ಮೊದಲು ಪರಿಶೀಲಿಸುವುದು ವಿವೇಕ.

ಬಣ್ಣಕ್ಕೆ ಯೋಗ್ಯವೇ?

ಗೆದ್ದಲು ಹಿಡಿದ ಮರಕ್ಕೂ, ನೀರು ಕುಡಿದು ಉಬ್ಬಿದ ಪ್ಲೈವುಡ್ ಅಥವಾ ಪಾರ್ಟಿಕಲ್ ಬೋರ್ಡಿಗೂ ಬಣ್ಣ ಹಚ್ಚುವುದು ವ್ಯರ್ಥ; ಅಂತಹ ಬಾಗಿಲನ್ನಷ್ಟೇ ಬದಲಿಸಬೇಕು. ಸನ್‌ಮೈಕಾ ಹಾಕಿದ ಬಾಗಿಲಿನ ನುಣುಪು ಮೇಲ್ಮೈಗೆ ಸಾಧಾರಣ ಪ್ರೈಮರ್ ಹಿಡಿಯುವುದಿಲ್ಲ. ಅದಕ್ಕೆಂದೇ ತಯಾರಾದ ಪ್ರೈಮರನ್ನು ಬಳಸತಕ್ಕದ್ದು.

ಎಷ್ಟು ಬಣ್ಣ ಬೇಕು?

ಎರಡು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಎಂಟು ಬಾಗಿಲುಗಳಿವೆಯೆಂದು ಭಾವಿಸೋಣ. ಒಂದು ಬಾಗಿಲಿಗೆ ಎರಡೂ ಬದಿ ಸೇರಿ 10 ಚದರ ಅಡಿಯಂತೆ ಒಟ್ಟು 80 ಚದರ ಅಡಿ. ಚೌಕಟ್ಟು ಮತ್ತು ಅಂಚುಗಳಿಗಾಗಿ ಶೇ. 20 ಕೂಡಿಸಿದರೆ 96. ಎರಡು ಕೋಟಿಗೆ 192 ಚದರ ಅಡಿ. ಒಂದು ಲೀಟರ್ ಎನಾಮಲ್ ಒಂದು ಕೋಟಿಗೆ ಸುಮಾರು 100 ಚದರ ಅಡಿ ಬರುತ್ತದೆಂದು ಹಿಡಿದರೆ ಎರಡು ಲೀಟರ್ ಎನಾಮಲ್, ಒಂದು ಲೀಟರ್ ಪ್ರೈಮರ್ ಸಾಕು. ಈ ಅಳತೆಯನ್ನು ಬರೆದುಕೊಂಡು ಅಂಗಡಿಗೆ ಹೋದರೆ ಹೆಚ್ಚುವರಿ ಡಬ್ಬಗಳು ಅಟ್ಟ ಸೇರುವುದಿಲ್ಲ.

ಕೆಲಸದ ಕ್ರಮ

ಬಾಗಿಲುಗಳನ್ನು ಕಳಚಿ, ಪ್ರತಿಯೊಂದಕ್ಕೂ ಅದರ ಕೀಲು ಮತ್ತು ತಿರುಪುಗಳಿಗೂ ಒಂದೇ ಸಂಖ್ಯೆ ಕೊಡಬೇಕು. ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಿಂದ ಜಿಡ್ಡು ತೆಗೆದು, ಶುದ್ಧ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಬೇಕು. ಜಿಡ್ಡಿನ ಮೇಲೆ ಹಚ್ಚಿದ ಬಣ್ಣ ಎಷ್ಟೇ ಬೆಲೆಯದಾದರೂ ಸಿಪ್ಪೆಯಂತೆ ಏಳುತ್ತದೆ. ಬಳಿಕ ಬಿರುಕುಗಳಿಗೆ ಮರದ ಪುಟ್ಟಿ ತುಂಬಿ, 120 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಹಚ್ಚಬೇಕು. ಅದು ಒಣಗಿದ ಮೇಲೆ 220 ನಂಬರಿನ ಕಾಗದದಿಂದ ಹಗುರವಾಗಿ ಉಜ್ಜಿ ಎರಡು ತೆಳು ಕೋಟುಗಳನ್ನು ಕೊಡಬೇಕು. ಒಂದೇ ದಪ್ಪ ಕೋಟು ಹೊಡೆದರೆ ಬಣ್ಣ ಇಳಿದು ಗೆರೆಗಳಾಗುತ್ತವೆ. ಕೋಟುಗಳ ನಡುವಿನ ಅಂತರಕ್ಕೆ ಡಬ್ಬದ ಮೇಲಿನ ಸೂಚನೆಯೇ ಪ್ರಮಾಣ. ಮಳೆಗಾಲದ ತೇವದಲ್ಲಿ ಬಣ್ಣ ಬೇಗ ಆರುವುದಿಲ್ಲವಾದ್ದರಿಂದ ಜನವರಿಯಿಂದ ಏಪ್ರಿಲ್‌ವರೆಗಿನ ಕಾಲ ಅನುಕೂಲ.

ಎರಡು ಎಚ್ಚರಿಕೆಗಳು ಅಗತ್ಯ. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ 2016ರ ಕೇಂದ್ರ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಗೆ ಬಂದವು. ಅದಕ್ಕೆ ಹಿಂದಿನ ಬಣ್ಣದಲ್ಲಿ ಹೆಚ್ಚಿನ ಸೀಸವಿರುವ ಸಾಧ್ಯತೆಯಿದೆ. ಅದರ ಧೂಳು ಮಕ್ಕಳ ಮಿದುಳಿಗೆ ಹಾನಿಕರ. ಆದುದರಿಂದ ಮೇಲ್ಮೈಯನ್ನು ಒದ್ದೆ ಮಾಡಿಕೊಂಡು, ನೀರಿಗೆ ತಡೆಯುವ ಉಪ್ಪುಕಾಗದದಿಂದ, ಮನೆಯ ಹೊರಗೆ, ಮುಖಕವಚ ಧರಿಸಿ ಉಜ್ಜಬೇಕು; ಮಕ್ಕಳನ್ನು ದೂರವಿಡಬೇಕು. ಎರಡನೆಯದಾಗಿ, ಥಿನ್ನರ್ ಸುಲಭವಾಗಿ ಬೆಂಕಿ ಹಿಡಿಯುವ ವಸ್ತು. ಚೌಕಟ್ಟಿಗೆ ಬಣ್ಣ ಹಚ್ಚುವಾಗ ಒಲೆ ಆರಿರಬೇಕು, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿರಬೇಕು, ಕಿಟಕಿಗಳು ತೆರೆದಿರಬೇಕು.

ಮನೆಯ ಬಿಲ್ಲು, ಅಂಗಡಿಯ ಬಿಲ್ಲು

ವರ್ತಕರು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. 2018ರ ಜುಲೈನಿಂದ ಬಣ್ಣದ ಮೇಲಿನ ಜಿ.ಎಸ್.ಟಿ. ಶೇ. 18. ಮನೆಗೆ ತಂದ ಬಣ್ಣದ ಬಿಲ್ಲನ್ನು ಅಂಗಡಿಯ ಹೆಸರಿನಲ್ಲಿ ಪಡೆದು ಈ ತೆರಿಗೆಯನ್ನು ಹೂಡುವಳಿ ಜಮೆಯಾಗಿ ತೆಗೆದುಕೊಳ್ಳುವಂತಿಲ್ಲ. ಸ್ವಂತ ಬಳಕೆಯ ಸರಕಿಗೆ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಮು ಜಮೆಯನ್ನು ನಿರ್ಬಂಧಿಸಿದೆ. ಆದಾಯ ತೆರಿಗೆಯಲ್ಲಿಯೂ ಸ್ವಂತ ಖರ್ಚು ವ್ಯಾಪಾರದ ವೆಚ್ಚವಲ್ಲ. ಅಂಗಡಿಯ ಹಣದಿಂದಲೇ ಪಾವತಿಸಿದ್ದರೆ ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಖರ್ಚು ಬರೆಯತಕ್ಕದ್ದು. ಸಣ್ಣ ಮೊತ್ತದ ಜಮೆಗಾಗಿ ಬಡ್ಡಿ, ದಂಡಗಳಿಗೆ ಗುರಿಯಾಗುವುದು ಲಾಭದ ವ್ಯವಹಾರವಲ್ಲ.

ಅದೇ ಬಣ್ಣವನ್ನು ಅಂಗಡಿಯ ಹಳೆಯ ಕಪಾಟಿಗೆ ಹಚ್ಚಿದರೆ ಅದು ರಿಪೇರಿ; ಆ ವರ್ಷದ ವೆಚ್ಚವಾಗಿ ಕಳೆಯಬಹುದು. ಹೊಸ ಕಪಾಟು ಮಾಡಿಸಿದರೆ ಅದು ಬಂಡವಾಳ ವೆಚ್ಚ, ಶೇ. 10ರ ಸವಕಳಿ ಮಾತ್ರ ದೊರೆಯುತ್ತದೆ. ಚಿತ್ರಮಂದಿರವೊಂದರಲ್ಲಿ ಹೊಸ ಯಂತ್ರ, ಹೊಸ ಪೀಠೋಪಕರಣ, ಹೊಸ ವೈರಿಂಗ್ ಹಾಕಿಸಿದ ಖರ್ಚು ಚಾಲ್ತಿ ರಿಪೇರಿಯಲ್ಲವೆಂದು ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ತೀರ್ಪಿತ್ತಿತು. ಇರುವುದನ್ನು ಉಳಿಸಿಕೊಳ್ಳುವುದು ರಿಪೇರಿ, ಹೊಸದನ್ನು ತರುವುದು ಬಂಡವಾಳ ಎಂಬುದೇ ಇದರ ಸಾರ.

ಕೊನೆಯದಾಗಿ, ಸ್ವಂತ ದುಡಿಮೆಗೆ ಪುಸ್ತಕದಲ್ಲಿ ನಮೂದು ಇಲ್ಲ, ಆದರೆ ಬೆಲೆಯುಂಟು. ಬಣ್ಣ ಹಚ್ಚಲು ಮೂರು ದಿನ ಅಂಗಡಿಯ ಬಾಗಿಲು ಹಾಕಿದರೆ ಪೇಂಟರನ ಕೂಲಿಗಿಂತ ಹೆಚ್ಚು ನಷ್ಟವಾದೀತು. ವಾರದ ರಜೆಗಳಂದು ಹಂತಹಂತವಾಗಿ ಕೆಲಸ ಮುಗಿಸಿದಲ್ಲಿ ಮಾತ್ರ ಈ ಉಳಿತಾಯ ನಿಜವಾದ ಉಳಿತಾಯ.