ಕಾಡಂಚಿನ ರಾತ್ರಿಗೆ ಜೋಲಿ: ಆಯ್ಕೆ ಮತ್ತು ಬಳಕೆ

ರೋಬಸ್ಟಾಕ್ಕೆ ಹೂ ನೀರು ಕೊಡುವ ದಿನಗಳಲ್ಲಿ ನಮ್ಮಲ್ಲಿ ಹಲವರಿಗೆ ರಾತ್ರಿ ಮನೆಯಲ್ಲಿ ಮಲಗುವ ಯೋಗವಿಲ್ಲ. ಹಳ್ಳದ ನೀರು ಇಳಿಯುವ ಮೊದಲು ಕೆಲಸ ಮುಗಿಯಬೇಕು. ಒಂದು ಕಡೆ ಇಂಚು, ಒಂದೂವರೆ ಇಂಚು ನೀರು ಬೀಳುವ ತನಕ ಸ್ಪ್ರಿಂಕ್ಲರ್ ತಿರುಗಬೇಕು, ಆಮೇಲೆ ಪೈಪು ಕಳಚಿ ಮುಂದಿನ ಸಾಲಿಗೆ ಹೊರಬೇಕು. ವಿದ್ಯುತ್ ಪಂಪಾದರೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ಬರುವುದೇ ಅಪರಾತ್ರಿಯಲ್ಲಿ. ಡೀಸೆಲ್ ಪಂಪಾದರೆ ಸದ್ದು ಬದಲಾದ ಕೂಡಲೇ ಏಳಲು ಒಬ್ಬರು ಹತ್ತಿರದಲ್ಲೇ ಇರಬೇಕು. ಅಡಿಕೆ ತೋಟದಲ್ಲಿ ಹಂದಿ ಕಾಯುವವರ ಪಾಡೂ ಇದೇ. ನೀರಿನ ಬಗ್ಗೆ, ಪಂಪಿನ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ನಡುವೆ ಸಿಗುವ ಮೂರು ತಾಸಿನ ನಿದ್ದೆಯನ್ನು ಎಲ್ಲಿ, ಹೇಗೆ ಮಾಡಬೇಕು ಎಂಬುದನ್ನು ಯಾರೂ ಬರೆದಂತಿಲ್ಲ. ನನಗೆ ತಿಳಿದಷ್ಟನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ನಾವೂ ಎಲ್ಲರಂತೆಯೇ ಮಲಗುತ್ತಿದ್ದೆವು. ಪಂಪಿನ ಪಕ್ಕ ತರಗೆಲೆ ಒಟ್ಟುಮಾಡಿ, ಅದರ ಮೇಲೆ ಗೋಣಿ ತಾಟು ಹಾಸಿ, ಕಂಬಳಿ ಹೊದ್ದರೆ ಮೆತ್ತಗೆ, ಬೆಚ್ಚಗೆ. ಹಾಗೆ ಮಲಗುತ್ತಿದ್ದ ನಮ್ಮ ಪಂಪಿನ ಕಾವಲಿನವರಿಗೆ ಒಂದು ವರ್ಷ ಮಾರ್ಚಿ ತಿಂಗಳಲ್ಲಿ ಇದ್ದಕ್ಕಿದ್ದಂತೆ ಜ್ವರ ಏರಿತು. ತಲೆ ಸಿಡಿಯುವ ನೋವು, ಮೈಕೈ ಎತ್ತಲಾರದ ಸಂಕಟ. ವಾರದ ಮೇಲೆ ಇಳಿಯಿತು, ಗಂಜಿ ಉಂಡು ಜಗುಲಿಯಲ್ಲಿ ಕೂತರು. ಹತ್ತು ದಿನ ಕಳೆದು ಮತ್ತೆ ಬಂತು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ತಿಳಿಯಿತು. ಬದುಕಿ ಬಂದರು, ಆದರೆ ಆ ವರ್ಷ ಅವರ ಕೈಯಲ್ಲಿ ಕತ್ತಿ ಹಿಡಿಯಲಾಗಲಿಲ್ಲ. ಈ ರೋಗ ತಗಲಿದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ ಎಂಬುದು ವೈದ್ಯರ ಲೆಕ್ಕ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಯನ್ನು ಮನುಷ್ಯರಿಗೆ ಹಚ್ಚುವುದು ಉಣುಗು. ಅದು ಹಾರುವ ಜೀವಿಯಲ್ಲ. ತರಗೆಲೆಯಲ್ಲಿ, ಗಿಡ್ಡ ಗಿಡಗಳ ತುದಿಯಲ್ಲಿ ಕಾದು ಕೂತು ಹಾದುಹೋಗುವವರಿಗೆ ಅಂಟಿಕೊಳ್ಳುತ್ತದೆ. ರಕ್ತ ಹೀರುವ ಎಳೆಯ ಉಣುಗು ಎಳ್ಳಿಗಿಂತ ಚಿಕ್ಕದು. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತನಕ, ನಮ್ಮ ಹೂ ನೀರಿನ ಕಾಲ ಅದರ ಸರಿಮಧ್ಯೆ. ನಾವು ಮೆತ್ತಗಿದೆ ಎಂದು ಒಟ್ಟುಮಾಡಿಕೊಂಡ ಹಾಸಿಗೆಯೇ ಅದರ ಮನೆ.

ಅಂದಿನಿಂದ ನೆಲದ ಮೇಲೆ ಯಾರೂ ಮಲಗಬಾರದೆಂದು ನಿಶ್ಚಯಿಸಿದೆ. ಮಂಚ ಹೊತ್ತುಕೊಂಡು ಹೋಗೋಣವೆಂದರೆ ಪಂಪಿನ ಜಾಗಕ್ಕೆ ಜೀಪು ಇಳಿಯುವುದಿಲ್ಲ. ಆಗ ಬೆಂಗಳೂರಿನಿಂದ ಬಂದ ನನ್ನ ಅಣ್ಣನ ಮಗ, ಬೆಟ್ಟ ಹತ್ತುವ ಹವ್ಯಾಸದವನು, ತೆಂಗಿನಕಾಯಿಯಷ್ಟು ಗಾತ್ರದ ಒಂದು ಚೀಲ ಕೊಟ್ಟು, ‘ಚಿಕ್ಕಪ್ಪ, ಇದ್ರಲ್ಲಿ ಮಲಗಿ ನೋಡಿ’ ಎಂದ. ಬಿಚ್ಚಿದರೆ ಹನ್ನೊಂದು ಅಡಿ ಉದ್ದದ ನೈಲಾನ್ ಬಟ್ಟೆ, ಎರಡು ತುದಿಯನ್ನೂ ನೆರಿಗೆ ಹಿಡಿದು ಕಟ್ಟಿತ್ತು. ಇಂಗ್ಲಿಷಿನವರು ಹ್ಯಾಮಕ್ ಎನ್ನುವುದು ಇದನ್ನೇ. ಆ ಹೆಸರು ಅವರದೂ ಅಲ್ಲ. 1492ರಲ್ಲಿ ಕೊಲಂಬಸ್ ಇಳಿದ ದ್ವೀಪಗಳ ಜನ ಹತ್ತಿಯ ಬಲೆ ಹೆಣೆದು ಮರಕ್ಕೆ ಕಟ್ಟಿ ಮಲಗುತ್ತಿದ್ದರು, ಅವರ ಮಾತು ‘ಹಮಾಕ’. ಮುಂದೆ ಹಡಗಿನವರು ಅದನ್ನು ಹಿಡಿದುಕೊಂಡರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಮಳೆಕಾಡುಗಳಲ್ಲಿನ ತನ್ನ ಸಿಪಾಯಿಗಳಿಗೆ ಸೊಳ್ಳೆಪರದೆ, ಮೇಲ್ಛಾವಣಿ ಎರಡೂ ಸೇರಿಸಿ ಹೊಲಿದ ಹ್ಯಾಮಕ್ ಕೊಟ್ಟಿತ್ತು. ನಮಗೆ ಇದು ಹೊಸತೇನಲ್ಲ, ಕೂಸಿಗೆ ಸೀರೆಯಲ್ಲಿ ಕಟ್ಟುವ ಜೋಲಿಯೇ. ನಾನೂ ಹಾಗೆಯೇ ಕರೆಯುತ್ತೇನೆ.

ಮೊದಲ ರಾತ್ರಿ ನಾನು ಮಾಡಿದ್ದು ಹೊಸಬರೆಲ್ಲ ಮಾಡುವ ತಪ್ಪು. ಮಂಚದಂತೆ ಮಟ್ಟಸವಾಗಿರಲಿ ಎಂದು ಬಟ್ಟೆ ಒಣಹಾಕುವ ತಂತಿಯ ಹಾಗೆ ಬಿಗಿದು ಕಟ್ಟಿದೆ. ಹಗ್ಗ ಮನೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ಕಿನದು. ಹತ್ತಿ ಮಲಗಿದರೆ ಎರಡು ಬದಿಯ ಬಟ್ಟೆ ಭುಜವನ್ನು ಹಿಂಡಿತು, ಹೊರಳಿದರೆ ಮಗುಚುವ ಹಾಗೆ ಓಲಾಡಿತು. ನಡುರಾತ್ರಿ ತಲೆಯ ಕಡೆಯ ಗಂಟು ಜಾರಿ ಪಂಪಿನ ಕಲ್ಲುಕಟ್ಟೆಯ ಮೇಲೆ ಬಿದ್ದೆ. ಹದಿನೈದು ದಿನ ಜೀಪಿನಲ್ಲಿ ಕೂರಲಾಗಲಿಲ್ಲ. ನೋಡಲು ಬಂದ ಕಾವಲಿನವರ ಮನೆಯಾಕೆ ನಗು ತಡೆದುಕೊಂಡು, ‘ಅಯ್ಯಾ, ಕೂಸಿನ ಜೋಲಿನ ಯಾರಾದ್ರೂ ಹಂಗೆ ಬಿಗಿದು ಕಟ್ತಾರಾ?’ ಎಂದರು.

ಅವರ ಮಾತಿನಲ್ಲಿ ಇಡೀ ವಿದ್ಯೆಯೇ ಇತ್ತು. ಆಮೇಲೆ ಅಣ್ಣನ ಮಗ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಎಪ್ಪತ್ತು ಕಿಲೋ ತೂಕದ ಮನುಷ್ಯ ಮಲಗಿದಾಗ ಹಗ್ಗ ಮಟ್ಟದಿಂದ 30 ಡಿಗ್ರಿ ಓರೆಯಾಗಿದ್ದರೆ ಒಂದೊಂದು ಕಡೆಯ ಹಗ್ಗದ ಮೇಲೂ 70 ಕಿಲೋ ಎಳೆತ. ಅದನ್ನೇ 15 ಡಿಗ್ರಿಗೆ ಬಿಗಿದರೆ 135 ಕಿಲೋ, 10ಕ್ಕೆ ಬಿಗಿದರೆ 200, 5ಕ್ಕೆ ಬಿಗಿದರೆ 400 ಕಿಲೋ. ಮನುಷ್ಯ ಅವನೇ, ಹಗ್ಗವೂ ಅದೇ. ನನ್ನ ಗಂಟು ಜಾರಿದ್ದರಲ್ಲಿ ಆಶ್ಚರ್ಯವಿಲ್ಲ.

30 ಡಿಗ್ರಿ ಅಳೆಯಲು ಉಪಕರಣ ಬೇಡ. ಏಳು ಅಡಿ ಅಡ್ಡಕ್ಕೆ ಸಾಗುವಷ್ಟರಲ್ಲಿ ನಾಲ್ಕು ಅಡಿ ಏರುವ ಓರೆ ಎಂದು ಲೆಕ್ಕ ಇಟ್ಟುಕೊಂಡರೆ ಸಾಕು. ಹನ್ನೊಂದು ಅಡಿಯ ಜೋಲಿಗೆ ಮರಗಳ ನಡುವೆ ಹದಿಮೂರರಿಂದ ಹದಿನೈದು ಅಡಿ ಅಂತರವಿರಲಿ, ಹಗ್ಗ ಐದೂಕಾಲರಿಂದ ಆರಡಿ ಎತ್ತರದಲ್ಲಿ ಕಟ್ಟಿರಲಿ. ಕೂತಾಗ ಕುರ್ಚಿಯ ಎತ್ತರಕ್ಕೆ, ಅಂದರೆ ನೆಲದಿಂದ ಒಂದೂವರೆ ಅಡಿಗೆ ಬರಬೇಕು. ಅದಕ್ಕಿಂತ ಎತ್ತರ ಕಟ್ಟುವುದು ಶೌರ್ಯವಲ್ಲ. ಬಿದ್ದರೆ ಅಷ್ಟು ಎತ್ತರದಿಂದಲೇ ಬೀಳಬೇಕು. ಪ್ರತಿ ಸಲವೂ ಸರಿಯಾದ ಜೋಲು ಬರಲು ಜೋಲಿಯ ಎರಡು ತುದಿಗಳ ನಡುವೆ ಹಿಗ್ಗದ ಒಂದು ದಾರ ಕಟ್ಟಿಬಿಡುವುದು ಒಳ್ಳೆಯದು. ಅದರ ಉದ್ದ ಜೋಲಿಯ ಉದ್ದದ ನೂರಕ್ಕೆ 83 ಪಾಲು, ಎಂದರೆ ಹನ್ನೊಂದು ಅಡಿಗೆ ಒಂಬತ್ತು ಅಡಿಗಿಂತ ತುಸು ಹೆಚ್ಚು. ಟಾರ್ಚು, ಕನ್ನಡಕ ನೇತುಹಾಕಲೂ ಅದು ಬರುತ್ತದೆ.

ಇನ್ನು ಮಲಗುವ ಬಗೆ. ಉದ್ದಕ್ಕೆ ನೇರ ಮಲಗಿದರೆ ಬೆನ್ನು ಬಾಳೆಹಣ್ಣಿನಂತೆ ಬಾಗುತ್ತದೆ. ತಲೆಯನ್ನು ಸ್ವಲ್ಪ ಎಡಕ್ಕೂ ಕಾಲನ್ನು ಸ್ವಲ್ಪ ಬಲಕ್ಕೂ ಹಾಕಿ ಓರೆಯಾಗಿ ಮಲಗಬೇಕು. ಆಗ ಬಟ್ಟೆ ಹರಡಿಕೊಂಡು ಬೆನ್ನು ಹೆಚ್ಚುಕಡಿಮೆ ಮಟ್ಟಸವಾಗುತ್ತದೆ. ಸಡಿಲ ಕಟ್ಟಿದ ಜೋಲಿಯಲ್ಲಿ ಮಾತ್ರ ಇದು ಸಾಧ್ಯ. ಸೊಂಟ ನೋವಿನ ನನಗೇ ಇದು ಒಗ್ಗಿದೆ, ಆದರೆ ಬೋರಲು ಮಲಗಿ ಅಭ್ಯಾಸವಿದ್ದವರಿಗೆ ಆಗಿಬರುವುದಿಲ್ಲ. ಅಂಥವರು ಮಡಿಸುವ ಮಂಚ ಹೊರುವುದೇ ಸರಿ.

ಕೊಳ್ಳುವಾಗ ಎರಡು ತುದಿಗೂ ಮರದ ಕೋಲು ಹಾಕಿ ಹಿಗ್ಗಿಸಿದ ಹಗ್ಗದ ಬಲೆಯನ್ನು ಕೊಳ್ಳಬೇಡಿ. ಅಂಗಡಿಯಲ್ಲಿ ಅದೇ ಚೆಂದ ಕಾಣುತ್ತದೆ, ಆದರೆ ನಿದ್ದೆಯಲ್ಲಿ ಹೊರಳಿದರೆ ಮಗುಚುತ್ತದೆ. ಅದು ಅಂಗಳದಲ್ಲಿ ಪತ್ರಿಕೆ ಓದಲು. ಉದ್ದ ಹತ್ತು ಅಡಿಗೆ ಕಡಿಮೆಯಾಗದ, ಅಗಲ ಐದು ಅಡಿಗೆ ಕಡಿಮೆಯಾಗದ ಬಟ್ಟೆಯ ಜೋಲಿ ನೋಡಿ. ಆರಡಿಯ ಆಳಿಗೆ ಹನ್ನೊಂದು ಅಡಿಯೇ ಬೇಕು. ಹತ್ತಿ ಬಟ್ಟೆ ಮೈಗೆ ಹಿತ, ಬೆಲೆ ಕಡಿಮೆ, ಆದರೆ ಭಾರ. ನಮ್ಮ ಇಬ್ಬನಿಯಲ್ಲಿ ನೆನೆದರೆ ಬೇಗ ಒಣಗದೆ ಬೂಷ್ಟು ಹಿಡಿಯುತ್ತದೆ. ನೈಲಾನ್ ಹಗುರ, ಗಳಿಗೆಯಲ್ಲಿ ಒಣಗುತ್ತದೆ. ಬೆಂಕಿಯ ಕಿಡಿ ಮಾತ್ರ ಅದಕ್ಕೆ ಆಗದು. ಬೀಡಿ ಸೇದುವವರು ಇಳಿದು ಸೇದಲಿ.

ಮರಕ್ಕೆ ಸುತ್ತಲು ಹಗ್ಗಕ್ಕಿಂತ ಪಾಲಿಯೆಸ್ಟರ್ ಪಟ್ಟಿ ಮೇಲು. ಒಂದು ಇಂಚಿಗಿಂತ ಅಗಲವಿದ್ದರೆ ತೊಗಟೆ ಕೊರೆಯುವುದಿಲ್ಲ. ನೀಲಿ ಪ್ಲಾಸ್ಟಿಕ್ ಹಗ್ಗದ ಗಂಟು ಜಾರುತ್ತದೆ, ಬಿಸಿಲಿಗೆ ಅದು ಪುಡಿಯಾಗುತ್ತದೆ. ನೈಲಾನ್ ಹಗ್ಗ ಗಟ್ಟಿಯಾದರೂ ಇಬ್ಬನಿಗೆ ನೆನೆದು ಹಿಗ್ಗಿ ಬೆಳಗಾಗುವಾಗ ಬೆನ್ನು ನೆಲಕ್ಕೆ ತಾಗಿಸುತ್ತದೆ. ಹಗ್ಗವೇ ಗತಿಯೆಂದಾದರೆ ಕೆಳಗೆ ಗೋಣಿ ತುಂಡು ಸುತ್ತಿ.

ಯಾವ ಮರ ಎಂಬುದರಲ್ಲಿ ಬೆಳೆಗಾರರಿಗೆ ಪಾಠ ಹೇಳಬೇಕಿಲ್ಲ ಎಂದುಕೊಂಡಿದ್ದೆ. ಆದರೆ ಅಡಿಕೆ ಮರಕ್ಕೆ ಕಟ್ಟಿದವರನ್ನು ನಾನೇ ಕಂಡಿದ್ದೇನೆ. ಒಂಬತ್ತು ಅಡಿಗೊಂದು ನೆಟ್ಟ ತೋಟದಲ್ಲಿ ಹನ್ನೊಂದು ಅಡಿಯ ಜೋಲಿ ಹಿಡಿಸುವುದೇ ಇಲ್ಲ. ಹಿಡಿಸಿದರೂ ಅಡಿಕೆಯ ಕಾಂಡ ಸಪೂರ, ಬೇರು ಮೇಲುಮೇಲಕ್ಕೆ. ಹಲಸಿನ ತೊಗಟೆಗೆ ಗಾಯವಾದರೆ ಕಾಲಕ್ರಮದಲ್ಲಿ ಮುಚ್ಚಿಕೊಳ್ಳುತ್ತದೆ, ಅಡಿಕೆ ಕಾಂಡದ ಗಾಯ ಮರ ಇರುವ ತನಕ ಇರುತ್ತದೆ. ಹಾಲವಾಣವನ್ನು ನಂಬಬೇಡಿ. ಅದರ ಮರ ಮೆದು, ಹೊರಗೆ ಚಿಗುರಿದ್ದರೂ ಒಳಗೆ ಲಡ್ಡಾಗಿರುತ್ತದೆ. ಸಿಲ್ವರ್ ಓಕಿನ ಬುಡ ಗಟ್ಟಿಯಿದ್ದರೂ ರೆಂಬೆ ಗಾಳಿಗೆ ಲಟಕ್ಕನೆ ಮುರಿಯುತ್ತದೆ, ಸಾಲದ್ದಕ್ಕೆ ಅದರ ಮೈತುಂಬ ನಮ್ಮದೇ ಮೆಣಸಿನ ಬಳ್ಳಿ. ಹಲಸು, ನೇರಳೆ, ಮತ್ತಿ, ಹೊನ್ನೆ, ನಂದಿ ಇವು ಸರಿ. ಎರಡು ಅಂಗೈ ಸೇರಿಸಿ ಹಿಡಿದರೆ ಹಿಡಿತಕ್ಕೆ ಸಿಗುವಷ್ಟು ಸಪೂರ ಮರ ಬೇಡ. ಕಟ್ಟುವ ಮೊದಲು ತಲೆಯೆತ್ತಿ ನೋಡಬೇಕು: ಒಣ ರೆಂಬೆ ನೇತಾಡುತ್ತಿದೆಯೇ, ಹೆಜ್ಜೇನು ಕೂತಿದೆಯೇ. ಇದನ್ನು ಹಗಲು ಬೆಳಕಿನಲ್ಲೇ ಮಾಡಬೇಕು.

ಜೋಲಿಯನ್ನು ಒಂದೇ ರಾತ್ರಿಗೆ ಬಿಟ್ಟುಬಿಡುವವರು ಹೆಚ್ಚಾಗಿ ಬಿಡುವುದು ಚಳಿಗೆ. ಹೊದ್ದ ಕಂಬಳಿ ಎರಡಿದ್ದರೂ ಬೆಳಗಿನ ಜಾವ ಬೆನ್ನು ಮರಗಟ್ಟುತ್ತದೆ. ಕಾರಣ ಸುಲಭ. ಕಂಬಳಿ ಬೆಚ್ಚಗಿರುವುದು ಅದರ ಎಳೆಗಳ ನಡುವೆ ನಿಂತ ಗಾಳಿಯಿಂದ. ಮೈಯ ಭಾರಕ್ಕೆ ಕೆಳಗಿನ ಕಂಬಳಿ ಅಪ್ಪಚ್ಚಿಯಾದರೆ ಆ ಗಾಳಿ ಉಳಿಯುವುದಿಲ್ಲ. ಅದರಡಿ ಹಳ್ಳದ ಗಾಳಿ ಬೀಸುತ್ತಲೇ ಇರುತ್ತದೆ. ಅದಕ್ಕೆ ಕಂಬಳಿಯನ್ನು ಒಳಗೆ ಹಾಸುವ ಬದಲು ಹೊರಗೆ, ಜೋಲಿಯ ಅಡಿಗೆ ಕಟ್ಟಬೇಕು. ನಾಲ್ಕು ಮೂಲೆಗೆ ದಾರ ಹಾಕಿ ಜೋಲಿಯ ಎರಡು ತುದಿಗೆ ಎಳೆದು ಕಟ್ಟಿದರೆ ಅದು ಎರಡನೆಯ ಜೋಲಿಯಂತೆ ಕೆಳಗೆ ನಿಲ್ಲುತ್ತದೆ. ಮೇಲಿನ ಬಟ್ಟೆಗೆ ಮುಟ್ಟಿಯೂ ಮುಟ್ಟದಂತಿರಬೇಕು, ಕೈ ತೂರುವಷ್ಟು ಸಂದಿದ್ದರೆ ಗಾಳಿಯೂ ತೂರುತ್ತದೆ. ಪೇಟೆಯಲ್ಲಿ ಇದಕ್ಕೆಂದೇ ಹಗುರ ರಜಾಯಿ ಸಿಗುತ್ತದೆ, ನಮ್ಮ ಕರಿಕಂಬಳಿಯೇನೂ ಕಡಿಮೆಯಿಲ್ಲ. ಇನ್ನೊಂದು ಲಾಭವೂ ಉಂಟು. ಬಿಗಿಯಾದ ತೆಳು ಬಟ್ಟೆಯ ಮೂಲಕ ಸೊಳ್ಳೆ ಕೆಳಗಿನಿಂದಲೇ ಕಚ್ಚುತ್ತದೆ, ಮೇಲೆ ಪರದೆ ಕಟ್ಟಿದವರೂ ಬೆನ್ನು ಕೆರೆದುಕೊಂಡು ಏಳುತ್ತಾರೆ. ಕಂಬಳಿ ಅದನ್ನು ತಡೆಯುತ್ತದೆ.

ಕಾಫಿ ಒಣಗಿಸುವ ಟಾರ್ಪಾಲು ಛಾವಣಿಗೆ ಸಾಕು. ಆದರೆ ಮಳೆನೀರು ಮರದಿಂದ ಹಗ್ಗದ ಗುಂಟ ಜೋಲಿಗೇ ಇಳಿದು ಬರುತ್ತದೆ. ಟಾರ್ಪಾಲಿನ ಒಳಭಾಗದಲ್ಲಿ, ಜೋಲಿಗೆ ಅರ್ಧ ಅಡಿ ಮೊದಲು ಹಗ್ಗಕ್ಕೆ ಒಂದು ತುಂಡು ಹತ್ತಿ ದಾರ ಕಟ್ಟಿ ಇಳಿಬಿಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ. ಮಾರ್ಚಿ-ಏಪ್ರಿಲಿನ ಗುಡುಗು ಮಳೆಗೆ ಈ ಉಪಾಯಗಳು ಬೇಡ. ಮಿಂಚು ಕಂಡರೆ ಪಂಪು ನಿಲ್ಲಿಸಿ ಮನೆ ಸೇರಬೇಕು.

ಉಣುಗಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಜೋಲಿ ತಂದ ಮಾತ್ರಕ್ಕೆ ಅದು ದೂರವಾಗುವುದಿಲ್ಲ. ನಡೆದು ಬರುವಾಗ ಕಾಲಿಗೆ ಹತ್ತಿದ್ದು ಜೋಲಿಯೊಳಗೂ ಬರುತ್ತದೆ. ಆದ್ದರಿಂದ ಕಟ್ಟುವ ಜಾಗದ ಸುತ್ತ ಎರಡು ಮಾರು ತರಗೆಲೆಯನ್ನು ಉದ್ದ ಹಿಡಿಯ ಪೊರಕೆಯಿಂದ ಗುಡಿಸುತ್ತೇವೆ, ಕೈಯಲ್ಲಿ ಬಾಚುವುದಿಲ್ಲ. ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚುತ್ತೇವೆ. ಕಂಬಳಿ, ಟವೆಲು, ಚೀಲ ಯಾವುದೂ ನೆಲದ ಮೇಲೆ ಇಡುವಂತಿಲ್ಲ, ಎಲ್ಲಕ್ಕೂ ಮರದಲ್ಲಿ ಕೊಕ್ಕೆ. ಬೂಟನ್ನೂ ತಲೆಕೆಳಗು ನೇತುಹಾಕುತ್ತೇವೆ, ಚೇಳಿನ ಭಯವೂ ತಪ್ಪುತ್ತದೆ. ಬೆಳಿಗ್ಗೆ ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪು, ಬಟ್ಟೆ ಬೇರೆ. ಸತ್ತ ಮಂಗ ಕಂಡಲ್ಲಿಗೆ ಆ ಕಾಲದಲ್ಲಿ ಯಾರನ್ನೂ ಕಳಿಸುವುದಿಲ್ಲ, ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತೇವೆ. ಪಂಪು ಒಂದು ದಿನ ನಿಂತರೆ ನಿಲ್ಲಲಿ.

ಆನೆ ಓಡಾಡುವ ಕಡೆಯವರಿಗೆ ನನ್ನ ಸಲಹೆ ಬೇರೆಯೇ. ಕಾಫಿ ತೋಟಕ್ಕೆ ಆನೆ ಇಳಿಯುವ ಸಕಲೇಶಪುರ, ಆಲೂರು, ಕೊಡಗಿನ ಸದಸ್ಯರು ರಾತ್ರಿ ತೋಟದಲ್ಲಿ ಜೋಲಿ ಕಟ್ಟಲೇಬಾರದು. ಒಂದೂವರೆ ಅಡಿ ಎತ್ತರದಲ್ಲಿ, ಕತ್ತಿನ ತನಕ ಕಂಬಳಿ ಸುತ್ತಿಕೊಂಡ ಮನುಷ್ಯ ಇಳಿದು ಓಡುವಷ್ಟರಲ್ಲಿ ಆಗುವುದು ಆಗಿರುತ್ತದೆ. ಉಳಿದ ಕಡೆಯೂ ಹಳ್ಳಕ್ಕೆ ಇಳಿಯುವ ಪ್ರಾಣಿಗಳ ಜಾಡಿನಿಂದ ದೂರವಿರಬೇಕು. ಮಕ್ಕಳು ರಜೆಗೆ ಬಂದು ಕಾಡಿಗೆ ಹೊರಟರೆ, ಮೀಸಲು ಅರಣ್ಯಕ್ಕೂ ಅಭಯಾರಣ್ಯಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ನೆನಪಿಸಿ.

ನಮ್ಮ ಕಾವಲಿನವರು ಮರುವರ್ಷ ಪಂಪಿಗೆ ಬರಲು ಒಪ್ಪಿದ್ದು ಜೋಲಿಯನ್ನು ತಾವೇ ಕಟ್ಟುವುದೆಂಬ ಕರಾರಿನ ಮೇಲೆ. ಈಗ ನಮ್ಮಲ್ಲಿ ಎರಡು ಜೋಲಿಗಳಿವೆ. ಕಟ್ಟುವುದು ಅವರೇ. ಮೊದಲು ಕೈಯಿಂದ ಜೋತುಬಿದ್ದು, ಆಮೇಲೆ ಕೂತು, ಕೊನೆಗೆ ಮಲಗಿ ನೋಡಿ ನನ್ನನ್ನು ಕರೆಯುತ್ತಾರೆ. ಹೂ ನೀರು ಮುಗಿದ ಮೇಲೆ ತಣ್ಣೀರಿನಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿ, ಹೊಲಿಗೆ ಬಿಟ್ಟಿದೆಯೇ ನೋಡಿ, ತಗಡಿನ ಡಬ್ಬದಲ್ಲಿ ಇಡುತ್ತೇವೆ. ಅಟ್ಟದಲ್ಲಿ ಬಿಟ್ಟರೆ ಇಲಿ ಮಳೆಗಾಲದಲ್ಲಿ ಅದನ್ನೇ ಗೂಡಿಗೆ ಒಯ್ಯುತ್ತದೆ. ಮೊದಲನೆಯ ಜೋಲಿಯ ಒಂದು ತುದಿ ಹಾಗೆಯೇ ಹೋಯಿತು.